ಎರಿಭೂತದ ದಾಯಾದಿಯನ್ನು ನೋಡಿ ಬಂದೆ

ದೋರನಹಳ್ಳಿ

ನನ್ನ ಮೊಮ್ಮಗಳು ಸುಜಾತಾ ಕಾಡುಪ್ರಾಣಿಗಳ, ಹಕ್ಕಿಗಳ ಫೋಟೋ ತೆಗೆಯುತ್ತಾಳೆ. ಈ ಮಾತನ್ನು ದೋರನಹಳ್ಳಿಯ ಬಸ್ ನಿಲ್ದಾಣದಿಂದ ಹಿಡಿದು ಸ್ಪೇನ್ ದೇಶದ ಕುರಿದೊಡ್ಡಿಯವರೆಗೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇನೆ. ನಿಮ್ಮನ್ನು ಮಾತ್ರ ಯಾಕೆ ಬಿಡಲಿ? ಮದುವೆ ಫೋಟೋ ತೆಗೆಯುವವರು ಊರೂರಿಗೆ ಸಿಗುತ್ತಾರೆ. ತೋಳದ ಫೋಟೋ ತೆಗೆಯುವ ಹುಡುಗಿ ನಮ್ಮ ಮನೆಯಲ್ಲಿದ್ದಾಳೆ.

ಮೊದಲು ಅವಳೂ ಮದುವೆ ಫೋಟೋದವಳೇ. ಶಹಾಪುರದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಒಂದು ಮದುವೆಯಲ್ಲಿ ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ, ಹಂದರದ ಮೂಲೆಯಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಯ ಕಡೆ ಕ್ಯಾಮೆರಾ ತಿರುಗಿಸಿಬಿಟ್ಟಳು. ಹುಡುಗನ ಕಡೆಯವರು ಜಗಳಕ್ಕೆ ಬಂದರು, ಸ್ಟುಡಿಯೋದವನು ಕೆಲಸದಿಂದ ಬಿಡಿಸಿದ. ನನ್ನ ಮಗ, ಅಂದರೆ ಅವಳಪ್ಪ, ತಲೆಯ ಮೇಲೆ ಕೈ ಹೊತ್ತು ಕುಳಿತ. ನಾನು ಆ ಫೋಟೋ ಇಸಿದುಕೊಂಡು ನೋಡಿದೆ. ಬಾಯಲ್ಲಿ ಹುಲ್ಲುಕಡ್ಡಿ ಕಚ್ಚಿಕೊಂಡ ಆ ಹಕ್ಕಿ ಮದುಮಗಳಿಗಿಂತ ಲಕ್ಷಣವಾಗಿತ್ತು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆದರೆ ಲಕ್ಷಣ ಯಾವುದು ಅವಲಕ್ಷಣ ಯಾವುದು ಎಂಬುದು ನನಗೆ ತಿಳಿಯುತ್ತದೆ.

ಆಮೇಲೆ ಅವಳು ಸುರಪುರದ ಗುಡ್ಡಗಳ ಕಡೆ ತೋಳದ ಬೆನ್ನು ಹತ್ತಿದಳು. ಗವಿಯ ಬಾಯಲ್ಲಿ ಮರಿಗಳನ್ನು ಮೊಲೆಗೆ ಹಾಕಿಕೊಂಡು ಮಲಗಿದ್ದ ತಾಯಿತೋಳದ ಫೋಟೋ ತೆಗೆದು, ಅದನ್ನು ಮೊದಲು ಒಯ್ದು ತೋರಿಸಿದ್ದು ಪೇಪರಿನವರಿಗಲ್ಲ, ಅಲ್ಲಿನ ಕುರುಬರಿಗೆ. ಮರಿಗಳನ್ನು ಸಾಯಿಸಲು ಪ್ರತಿವರ್ಷ ಗವಿಗೆ ಹೊಗೆ ಹಾಕುತ್ತಿದ್ದ ಹಿರಿಯನೊಬ್ಬ ಫೋಟೋ ನೋಡಿ, ಇವಳು ನಮ್ಮ ಮನೆಯ ಬಾಣಂತಿ ಕುಂತಂಗೆ ಕುಂತಾಳಲ್ಲ ಅಂದನಂತೆ. ಆ ವರ್ಷ ಹೊಗೆ ಬೀಳಲಿಲ್ಲ. ನನ್ನ ಮೊಮ್ಮಗಳ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇನ್ನೇನು ಇಲ್ಲವಾಗುತ್ತವೆ ಎನ್ನುವ ಜೀವಗಳನ್ನು ಜನ ಕಣ್ಣಿಟ್ಟು ನೋಡುವ ಹಾಗೆ ಮಾಡುವುದು.

ಈಗ ಅವಳು ನಮ್ಮ ಎರಿ ನೆಲದ, ಅಂದರೆ ಕಪ್ಪುಮಣ್ಣಿನ ಸೀಮೆಯ, ಪ್ರಾಣಿಪಕ್ಷಿಗಳ ಮೇಲೆ ಒಂದು ಪುಸ್ತಕ ಮಾಡುತ್ತಿದ್ದಾಳೆ. ತೋಳ ಆಯಿತು, ಚಿಗರಿ ಆಯಿತು, ನರಿ ಆಯಿತು. ಮೊದಲನೆಯ ಅಧ್ಯಾಯವೇ ಖಾಲಿ. ಅದು ಎರಿಭೂತದ್ದು. ಎರಿಭೂತ ಎಂದರೆ ದೆವ್ವವಲ್ಲ, ಹಕ್ಕಿ. ಆಡಿನಷ್ಟು ತೂಕದ ದೊಡ್ಡ ಹಕ್ಕಿ. ಬಿಸಿಲು ಕುದಿಯುವ ಹೊತ್ತಿನಲ್ಲಿ ಕಪ್ಪು ನೆಲದ ನಡುವೆ ಸುಮ್ಮನೆ ನಿಂತಿರುತ್ತಿತ್ತು. ನೋಡಿದವರಿಗೆ ಯಾರೋ ಮನುಷ್ಯ ನಿಂತ ಹಾಗೆ ಕಾಣಿಸಿ, ಹತ್ತಿರ ಹೋದರೆ ಇರುತ್ತಿರಲಿಲ್ಲ. ಅದಕ್ಕೇ ಭೂತ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ಹೊಲಗಳಲ್ಲಿ ಅದು ಇತ್ತು. ಕಾಲುವೆ ಬಂತು, ಜೋಳದ ಹೊಲ ಗದ್ದೆಯಾಯಿತು, ಅದು ಹೋಯಿತು. ಬಳ್ಳಾರಿ ಕಡೆ ಬೆರಳೆಣಿಕೆಯಷ್ಟು ಉಳಿದಿವೆಯಂತೆ. ಸುಜಾತಾ ಅಲ್ಲಿಗೆ ಹೋಗಿ, ದೂರದಿಂದಲೇ ವಾಪಸ್ ಬಂದಳು. ಉಳಿದಿರುವುದೇ ನಾಲ್ಕು, ಫೋಟೋಕ್ಕಾಗಿ ಅವುಗಳನ್ನು ನಾನು ಎಬ್ಬಿಸುವುದಿಲ್ಲ ಅಂದಳು.

ಆ ಹಕ್ಕಿಯ ದಾಯಾದಿಯೊಂದು ಸ್ಪೇನ್ ದೇಶದಲ್ಲಿದೆ, ಅಲ್ಲಿ ಇನ್ನೂ ಚೆನ್ನಾಗಿ ಬದುಕಿದೆ, ವಸಂತದಲ್ಲಿ ಗಂಡುಹಕ್ಕಿ ಹೆಣ್ಣಿನ ಮುಂದೆ ಕುಣಿಯುತ್ತದೆ. ಆ ಕುಣಿತದ ಫೋಟೋ ಸಿಕ್ಕರೆ, ನಾವು ಏನನ್ನು ಕಳೆದುಕೊಂಡೆವು ಎಂದು ನಮ್ಮ ಜನಕ್ಕೆ ತೋರಿಸಬಹುದು ಎಂಬುದು ಅವಳ ಲೆಕ್ಕ. ಸಿಗದಿದ್ದರೆ ಪುಸ್ತಕ ನಿಂತಂತೆ. ಮತ್ತೆ ಹೋಗುವುದಕ್ಕೆ ಇನ್ನೊಂದು ವಸಂತ ಬರಬೇಕು, ಈಗ ಕರೆದಿರುವ ಅಲ್ಲಿನ ಹೊಲದವನು ಮತ್ತೆ ಕರೆಯಬೇಕು.

ಜೊತೆಗೆ ನಾನು ಯಾಕೆ? ಮನೆಯಲ್ಲಿ ಎರಿಭೂತವನ್ನು ಕಣ್ಣಾರೆ ಕಂಡವರು ನಾನು ಮತ್ತು ನಮ್ಮ ಯಜಮಾನರು, ಅಂದರೆ ಸುಜಾತಾಳ ಮುತ್ಯಾ. ದಾಯಾದಿಯನ್ನು ನೋಡಿ, ನಮ್ಮದು ಹೇಗಿತ್ತು ಎಂದು ಅಲ್ಲೇ ಕುಳಿತು ಹೇಳುವವರು ಅವಳಿಗೆ ಬೇಕಿತ್ತು. ಮುತ್ಯಾನಿಗೆ ಮೊಣಕಾಲು ನೋವು. ನನ್ನ ಪಾಸ್‌ಪೋರ್ಟ್ ಬಂದ ದಿನ ಅವರು ಕಟ್ಟೆಯ ಮೇಲೆ ಕುಳಿತು ಮಂದಿಗೆಲ್ಲ ಕೇಳುವ ಹಾಗೆ ಅಂದರು:

"ಹಕ್ಕಿ ನೋಡಾಕ ಅಷ್ಟು ದೂರ ಹೊಂಟಾಳ. ಮನ್ಯಾಗ ನಾ ಇದ್ದೀನಿ, ಒಂದ್ ದಿನ ನೆಟ್ಟಗ ನೋಡಿಲ್ಲ."

"ನೀವು ಕುಣೀರಿ, ನೋಡ್ತೀನಿ," ಅಂದೆ.

ಹೈದರಾಬಾದ್ ವಿಮಾನ ನಿಲ್ದಾಣ

ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಬಂದೆವು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಮೆಷಿನ್ನಿನೊಳಗೆ ಹೋಗಿ ಹೊರಗೆ ಬರಲಿಲ್ಲ. ಒಳಗೆ ದುಂಡಗೆ, ಗಟ್ಟಿಯಾಗಿ, ಒಂದರ ಮೇಲೊಂದು ಅದೇನಿದೆ ಎಂದು ಅಲ್ಲಿನವನಿಗೆ ಅನುಮಾನ. ಸುಜಾತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅಷ್ಟು ಸುತ್ತಿ ಹೇಳುವುದೇನಿದೆ ಎಂದು ನಾನೇ ಗಂಟು ಬಿಚ್ಚಿ, ಕಡಕ್ ರೊಟ್ಟಿ ಒಂದನ್ನು ಅವನೆದುರಿಗೇ ಟಕ್ಕನೆ ಮುರಿದು, ಶೇಂಗಾ ಹಿಂಡಿ, ಅಂದರೆ ಖಾರದ ಚಟ್ನಿಪುಡಿ, ಹಚ್ಚಿ ತಿಂದು ತೋರಿಸಿದೆ. ಅವನು ಬೀದರ್ ಕಡೆಯವನು. ನಕ್ಕು, ಎಲ್ಲಿಗೆ ಹೊರಟಿದ್ದೀರಿ ಎಂದು ಕನ್ನಡದಲ್ಲೇ ಕೇಳಿದ. ಕೇಳಿದವನ ತಪ್ಪು. ನಾನು ಮದುವೆ ಹಂದರದಿಂದ ಶುರುಮಾಡಿದೆ. ತೋಳದ ಗವಿಗೆ ಬರುವಷ್ಟರಲ್ಲಿ ಹಿಂದೆ ಸಾಲು ಬೆಳೆದಿತ್ತು.

"ಅಮ್ಮಾ, ಖಬರ್ ಎಲ್ಲಾ ಭಾಳ ಛಲೋ ಅದಾವ," ಅಂದ ಅವನು. "ಆದ್ರ ಹಿಂದಿನವ್ರ ವಿಮಾನ ಹೋಗತದರಿ. ಜರಾ ಮುಂದ ನಡೀರಿ."

ವಿಮಾನದ ಬಗ್ಗೆ ಹೇಳುವುದೇನಿಲ್ಲ. ಮೋಡದ ಮೇಲಿಂದ ನೋಡಿದರೆ ಕೊಯ್ಲಿಗೆ ಬಂದ ಹತ್ತಿ ಹೊಲ ಕಂಡ ಹಾಗಿರುತ್ತದೆ. ಬಿಡಿಸಲು ಆಳು ಸಿಗದ ಹೊಲ.

ಎಷ್ಟೋ ದೂರ

ನಾವು ಹೋಗಬೇಕಾದ ಸೀಮೆಯ ಹೆಸರು ಎಸ್ತ್ರೆಮದೂರ. ನನ್ನ ಬಾಯಲ್ಲಿ ಅದು "ಎಷ್ಟೋ ದೂರ" ಆಯಿತು, ಸುಜಾತಾಳೂ ಕೊನೆಗೆ ಹಾಗೆಯೇ ಅನ್ನತೊಡಗಿದಳು. ಮ್ಯಾಡ್ರಿಡ್ ಪಟ್ಟಣದಿಂದ ಬಸ್ಸು ಹಿಡಿದು ಗಂಟೆಗಟ್ಟಲೆ ಹೋದ ಮೇಲೆ ಕಿಟಕಿಯಲ್ಲಿ ನನಗೊಂದು ಬೆರಗು ಕಾಣಿಸಿತು. ಗುಂಡುಕಲ್ಲುಗಳು, ಒಂದರ ಮೇಲೊಂದು ಈಗ ಬೀಳುತ್ತವೆ ಆಗ ಬೀಳುತ್ತವೆ ಎನ್ನುವ ಹಾಗೆ. ಶಹಾಪುರದ ಬೆಟ್ಟವೇ. ನಮ್ಮ ಬೆಟ್ಟ ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ, ಇಲ್ಲೂ ಎಲ್ಲಾದರೂ ಅವನು ಕಾಣುತ್ತಾನೇನೋ ಎಂದು ಕತ್ತು ಚಾಚಿ ನೋಡಿದೆ. ಇರಲಿಲ್ಲ. ಕಲ್ಲು ಇಬ್ಬರಿಗೂ ಸಿಕ್ಕಿವೆ, ಬುದ್ಧ ಮಲಗಲು ನಮ್ಮ ಕಡೆಯೇ ಬಂದ ಎಂದು ಸಮಾಧಾನವಾಯಿತು.

ಮಧ್ಯಾಹ್ನ ಒಂದು ಊರಿನಲ್ಲಿ ಇಳಿದೆವು. ಅಂಗಡಿಗಳ ಬಾಗಿಲು ಮುಚ್ಚಿವೆ, ಕಿಟಕಿಗಳು ಮುಚ್ಚಿವೆ, ಬೀದಿಯಲ್ಲಿ ಒಂದು ನಾಯಿ ಕೂಡ ಇಲ್ಲ. ನಮ್ಮಲ್ಲಿ ಹಗಲು ಹೊತ್ತಿನಲ್ಲಿ ಬಜಾರು ಹೀಗೆ ಮುಚ್ಚಿದರೆ ಒಂದೋ ಬಂದ್, ಇಲ್ಲವೇ ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದರ್ಥ. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು, ಮುಖ ಸಪ್ಪೆ ಮಾಡಿಕೊಂಡು ಗೋಡೆಯ ಬದಿಗೆ ನಡೆದೆ. ಹಿಂದಿನಿಂದ ಸುಜಾತಾ ಏನಾಯಿತು ಅಂದಳು.

"ಸಾವಕಾಶ ಮಾತಾಡು. ಯಾರ್ ಹೋಗ್ಯಾರ?"

"ಯಾರೂ ಹೋಗಿಲ್ಲ ಆಯಿ. ಎಲ್ಲಾರೂ ಉಂಡು ಮಲಗ್ಯಾರ."

ಊರಿಗೆ ಊರೇ ಉಂಡು ಮಲಗುವುದು, ಅದೂ ಅಂಗಡಿ ಮುಚ್ಚಿ. ಹೀಗೂ ಬದುಕಬಹುದು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಹೊಲದ ಕೆಲಸ ಮಾಡುವ ಕಾಲದಲ್ಲಿ ಈ ಮಾತನ್ನು ಗೌಡರ ಮುಂದೆ ಇಡುತ್ತಿದ್ದೆ.

ಆಂತೋನ್ಯೊನ ಹೊಲಮನೆ

ಹಕ್ಕಿಗಳಿರುವ ಹೊಲದ ಒಡೆಯ ಆಂತೋನ್ಯೊ, ನನ್ನ ಮಗನ ವಯಸ್ಸಿನವನು. ಗೋಧಿ ಬೆಳೆಯುತ್ತಾನೆ, ಕುರಿ ಸಾಕುತ್ತಾನೆ, ತಕ್ಕಮಟ್ಟಿಗೆ ಇಂಗ್ಲಿಷ್ ಆಡುತ್ತಾನೆ. ಅವನ ಮಾತನ್ನು ಸುಜಾತಾ ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅವನ ತಾಯಿ ಕಾರ್ಮೆನ್ ನನ್ನದೇ ಓರಗೆಯವಳು. ಅವಳಿಗೆ ಅವಳ ಭಾಷೆ ಬಿಟ್ಟು ಬೇರೇನೂ ಬರದು, ನನಗೆ ನನ್ನದು ಬಿಟ್ಟು ಬರದು. ಆದ್ದರಿಂದ ನಮ್ಮಿಬ್ಬರಿಗೆ ತೊಂದರೆಯಾಗಲಿಲ್ಲ.

ಕಾರ್ಮೆನ್ ಬಾಗಿಲಲ್ಲೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟಳು. ನಾನೂ ಸುಮ್ಮನಿರಬಾರದೆಂದು ಅವಳ ಮುಖಕ್ಕೆ ಎರಡೂ ಕೈ ಇಳಿಸಿ, ನನ್ನ ಹಣೆಯ ಬದಿಗೆ ಒತ್ತಿ ಲಟಲಟ ಲಟಿಕೆ ಮುರಿದೆ. ಅವಳು ಹೌಹಾರಿದಳು. ದೃಷ್ಟಿ ತೆಗೆದದ್ದು ಎಂದು ಸುಜಾತಾ ಹೇಳಿದ ಮೇಲೆ ತಾನೂ ಮಾಡಲು ಹೋದಳು, ಅವಳ ಬೆರಳಿಗೆ ಒಂದೂ ಲಟಿಕೆ ಬರಲಿಲ್ಲ. ಸಂಜೆಯವರೆಗೆ ಅದನ್ನೇ ಅಭ್ಯಾಸ ಮಾಡಿದಳು.

ಆ ದೇಶದಲ್ಲಿ ಸೂರ್ಯ ಮುಳುಗಲು ಒಪ್ಪುವುದಿಲ್ಲ. ನಮ್ಮಲ್ಲಿ ಮಂದಿ ಮಲಗಿ ಒಂದು ನಿದ್ದೆ ಮುಗಿಸುವ ಹೊತ್ತಿಗೆ ಅವರು ಊಟಕ್ಕೆ ಕೂರುತ್ತಾರೆ. ಊಟದಲ್ಲಿ ಕೆಂಪು ಮೆಣಸಿನ ಪುಡಿ ಕಂಡು ಜೀವ ಬಂದಂತಾಯಿತು. ಬಾಯಿಗಿಟ್ಟರೆ ಬಣ್ಣ ಮಾತ್ರ ಇದೆ, ಖಾರ ಇಲ್ಲ. ನಾನು ಶೇಂಗಾ ಹಿಂಡಿಯ ಡಬ್ಬಿ ಮುಂದಿಟ್ಟೆ. ಆಂತೋನ್ಯೊ ಒಂದು ಚಮಚ ತಿಂದು ಎದ್ದು ಅಂಗಳಕ್ಕೆ ಹೋದ, ಸ್ವಲ್ಪ ಹೊತ್ತಿನ ಮೇಲೆ ಬಂದು ಇನ್ನೊಂದು ಚಮಚ ಕೇಳಿದ.

ಊಟದ ನಡುವೆ ಅವನು ತನ್ನ ಕಟ್ಟಳೆ ಹೇಳಿದ. ಹಕ್ಕಿ ಕುಣಿಯುವ, ಮೊಟ್ಟೆ ಇಡುವ ತಿಂಗಳುಗಳಲ್ಲಿ ಆ ಹೊಲಕ್ಕೆ ತಾನೇ ಕಾಲಿಡುವುದಿಲ್ಲ. ಸುಜಾತಾಳ ಕೆಲಸ ನೋಡಿ, ಅವಳ ಮಾತು ನಂಬಿ, ಹೊಲದಂಚಿನಲ್ಲಿ ಹಸಿರು ಬಟ್ಟೆಯ ಸಣ್ಣ ಗುಡಾರ ಹಾಕಲು ಬಿಟ್ಟಿದ್ದಾನೆ. ಮಬ್ಬಿನಲ್ಲಿ ಒಳಗೆ ಹೋಗಬೇಕು, ಹಕ್ಕಿಗಳು ತಾವಾಗಿ ಹೋಗುವವರೆಗೆ ಹೊರಗೆ ಬರಬಾರದು. ಒಂದು ಸಲ ಹಕ್ಕಿ ಬೆದರಿ ಎದ್ದರೆ ಗುಡಾರ ಕಿತ್ತಂತೆ. ಹಕ್ಕಿಗೆ ನಮ್ಮ ಕಡೆ ಏನನ್ನುತ್ತೀರಿ ಎಂದು ಕೇಳಿದ. ಸುಜಾತಾ ಭೂತ ಅಂದದ್ದನ್ನು ಅವನು ತಾಯಿಗೆ ಹೇಳಿದ, ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅವರ ಕಡೆ ದೊಡ್ಡ ಗಂಡುಹಕ್ಕಿಗೆ ಗಡ್ಡದವನು ಅನ್ನುತ್ತಾರಂತೆ. ಕುಣಿತಕ್ಕೆ ಚಕ್ರ ಮಾಡುವುದು ಅನ್ನುತ್ತಾರಂತೆ.

ಗುಡಾರದೊಳಗೆ

ಮರುದಿನ ಮಬ್ಬಿನಲ್ಲೇ ಹೋಗಿ ಕುಳಿತೆವು. ಎರಡು ಸಣ್ಣ ಸ್ಟೂಲು, ಒಂದು ಕಿಂಡಿ, ಕಿಂಡಿಯಲ್ಲಿ ಕ್ಯಾಮೆರಾದ ಉದ್ದ ಮೂತಿ. ಸುಜಾತಾ ಕೆಲಸಕ್ಕೆ ಕುಳಿತಾಗ ನಾನು ನೋಡಿದ್ದು ಅದೇ ಮೊದಲು. ಮನೆಯಲ್ಲಿ ಒಂದು ಕಡೆ ನಿಲ್ಲದ ಹುಡುಗಿ, ಇಲ್ಲಿ ನೊಣ ಮೂಗಿನ ಮೇಲೆ ಕುಳಿತರೂ ಕೈ ಎತ್ತಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ಇಬ್ಬನಿ, ಹಸಿರು ಗೋಧಿ, ದೂರದಲ್ಲಿ ಕುರಿಗಳ ಗಂಟೆ. ನನಗೆ ಜೊಂಪು ಹತ್ತಿತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಸಣ್ಣವಳಿದ್ದಾಗಿಂದ ಮೊದಲ ಹೆರಿಗೆಯವರೆಗೆ ಸುಗ್ಗಿಗೆ ಮುಂಚೆ ಮಾಡಿದ ಕೆಲಸ ಹಕ್ಕಿ ಕಾಯುವುದು. ಜೋಳ ಹಾಲುಗಾಳಾದಾಗ ಹೊಲದ ನಡುವೆ ಅಟ್ಟ ಕಟ್ಟಿ, ಅದರ ಮೇಲೆ ಕವಣೆ ಹಿಡಿದು ನಿಂತು, ಹಕ್ಕಿ ತೆನೆಗೆ ಬಾಯಿ ಹಾಕಿದ ಕೂಡಲೇ ಕೂಗಬೇಕು. ನನ್ನ ಕೂಗು ಪಕ್ಕದ ಊರಿಗೆ ಕೇಳುತ್ತಿತ್ತು. ಬೇರೆ ಹೊಲದವರು ನಮ್ಮ ಗೌಡರನ್ನು, ಈ ಹುಡುಗಿಯನ್ನು ನಮಗೆ ಎರಡು ದಿನ ಕೊಡಿ ಎಂದು ಕೇಳುತ್ತಿದ್ದರು. ಇದು ಬಡಾಯಿಯಲ್ಲ.

ಜೊಂಪಿನಲ್ಲಿ ಕಣ್ಣು ಬಿಟ್ಟೆ. ಎದುರಿಗೆ ಎಳೆಯ ಬೆಳೆ. ಬೆಳೆಯ ನಡುವೆ ದೊಡ್ಡ ದೊಡ್ಡ ಹಕ್ಕಿಗಳು, ಒಂದು ತಲೆ ಬಗ್ಗಿಸಿ ಎಲೆ ಕಿತ್ತು ತಿನ್ನುತ್ತಿದೆ. ನನ್ನನ್ನು ಕೇಳದೆಯೇ ನನ್ನ ಗಂಟಲು ತನ್ನ ಕೆಲಸ ಮಾಡಿಬಿಟ್ಟಿತು.

"ಹೋ... ಹ್ಹೋ ಹ್ಹೋ ಹೊಯ್ಯಾ!"

ಗುಡಾರ ನಡುಗಿತು. ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು, ದೊಡ್ಡ ರೆಕ್ಕೆ ಬಡಿದು ಗುಡ್ಡದಾಚೆ ಹೋದವು. ಆಮೇಲೆ ಮಾತ್ರ ನಾನು ಎಲ್ಲಿದ್ದೇನೆ ಎಂದು ತಿಳಿಯಿತು.

ಸುಜಾತಾ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಹಿಂದೆ ಹೋಗಿ ನೋಡೋಣ, ಗುಡ್ಡದ ಆಚೆಗೇ ಇಳಿದಿರಬೇಕು, ಗಾಡಿಯಿದೆಯಲ್ಲ ಎಂದು ನಾನೇ ಅಂದೆ.

"ಇಲ್ಲ ಆಯಿ. ಬೆನ್ನು ಹತ್ತಿ ತೆಗೆದ್ರ ಅದು ಬೇಟಿ ಆಗತದ. ಹಕ್ಕಿ ಮೊದಲು, ಫೋಟೋ ಆಮ್ಯಾಲ."

ಅಡುಗೆಮನೆ

ನನ್ನ ಕೂಗು ಹೊಲಮನೆಗೂ ಕೇಳಿತ್ತು. ಆಂತೋನ್ಯೊ ಅಂಗಳದಲ್ಲಿ ನಿಂತಿದ್ದ. ದನಿ ಏರಿಸಲಿಲ್ಲ, ಆದರೆ ಮುಖದಲ್ಲಿ ನಗು ಇರಲಿಲ್ಲ. ಗುಡಾರ ಬಿಚ್ಚಬೇಕು ಅಂದ. ಸುಜಾತಾ ವಾದ ಮಾಡುತ್ತಾಳೆಂದುಕೊಂಡಿದ್ದೆ. ಅವಳು ತಲೆ ಆಡಿಸಿ, ಅವರು ಹೇಳುವುದು ಸರಿ, ನಾನೂ ಅದನ್ನೇ ಹೇಳುತ್ತಿದ್ದೆ ಎಂದು ನನಗೆ ಕನ್ನಡದಲ್ಲಿ ಹೇಳಿ, ಒಳಗೆ ಹೋಗಿ ಚೀಲ ಕಟ್ಟತೊಡಗಿದಳು. ಅವಳ ಬೆನ್ನು ನೋಡಿದೆ. ವರ್ಷಗಟ್ಟಲೆ ಕಾಯ್ದು ಬಂದ ಪುಸ್ತಕದ ಮೊದಲ ಅಧ್ಯಾಯ ನನ್ನ ಗಂಟಲಲ್ಲಿ ಹೋಗಿತ್ತು.

ನಾನು ಅಳುತ್ತ ಕೂರುವ ಪೈಕಿಯಲ್ಲ. ನೇರ ಅಡುಗೆಮನೆಗೆ, ಕಾರ್ಮೆನ್ ಇದ್ದಲ್ಲಿಗೆ ಹೋದೆ. ಮಾತು ಬರದಿದ್ದರೆ ಏನಾಯಿತು, ಕೈಕಾಲು ಇವೆ. ಕುರ್ಚಿಯ ಮೇಲೆ ಹತ್ತಿ ನಿಂತೆ, ಅದು ಅಟ್ಟ. ಸೆರಗು ಬಿಚ್ಚಿ ಅದರಲ್ಲಿ ಒಂದು ಆಲೂಗಡ್ಡೆ ಇಟ್ಟು ತಲೆಯ ಮೇಲೆ ತಿರುಗಿಸಿದೆ, ಅದು ಕವಣೆ. ಅವಳ ಬುಟ್ಟಿಯಲ್ಲಿದ್ದ ಸೊಪ್ಪು ತೆನೆ. ನನ್ನ ಕೈಬೆರಳೇ ಹಕ್ಕಿ. ಹಕ್ಕಿ ಸೊಪ್ಪಿಗೆ ಬಾಯಿ ಹಾಕಿದ ಕೂಡಲೇ ಕೂಗುವಂತೆ ಬಾಯಿ ತೆರೆದು, ಕೂಗದೆ, ಎದೆ ಬಡಿದುಕೊಂಡು ತೋರಿಸಿದೆ. ಇಷ್ಟೇ ನನ್ನ ಕಥೆ, ಹುಡುಗಿಯದು ಏನೂ ತಪ್ಪಿಲ್ಲ.

ಕಾರ್ಮೆನ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಆಮೇಲೆ ನನ್ನನ್ನು ಕುರ್ಚಿಯಿಂದ ಇಳಿಸಿ, ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಒಂದು ಹಳೆಯ ತಗಡಿನ ಡಬ್ಬಿ ಎತ್ತಿಕೊಂಡು, ಕೈಯನ್ನು ನೆಲದಿಂದ ಇಷ್ಟೇ ಮೇಲೆ ಹಿಡಿದು ತಾನು ಇಷ್ಟಿದ್ದೆ ಎಂದು ತೋರಿಸಿ, ಡಬ್ಬಿಯನ್ನು ಕೋಲಿನಿಂದ ಬಡಿಯುತ್ತ ಒಂದು ಕೂಗು ಹಾಕಿದಳು. ಅಬ್ಬಾ! ಗಂಟಲು ಅಂದರೆ ಗಂಟಲು. ಅವಳೂ ಸಣ್ಣವಳಿದ್ದಾಗ ಗೋಧಿಯ ಕಣದಲ್ಲಿ ಗುಬ್ಬಿ ಕಾಯ್ದವಳು. ನಾನು ನನ್ನದು ಹಾಕಿದೆ, ಈ ಸಲ ತುಸು ಸಣ್ಣದಾಗಿ, ಮನೆಯ ಗೋಡೆಯ ಕಡೆ ತಿರುಗಿ. ಅವಳು ಮತ್ತೆ ಹಾಕಿದಳು. ಇಬ್ಬರೂ ನಕ್ಕು ನಕ್ಕು ಗೋಡೆಗೆ ಆತು ಕುಳಿತೆವು.

ಯಾರಿಗೋ ಏನೋ ಆಯಿತು ಎಂದು ಆಂತೋನ್ಯೊ, ಸುಜಾತಾ ಓಡಿ ಬಂದರು. ಕಾರ್ಮೆನ್ ಕೂತಲ್ಲಿಂದಲೇ ಮಗನಿಗೆ ಒಂದಿಷ್ಟು ಅಂದಳು. ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಮಗ ಕೆಂಪಗಾಗಿ ಸುಜಾತಾಳಿಗೆ ಏನೋ ಹೇಳಿದ.

"ಏನಂದ್ಳು?" ಅಂದೆ.

"ಈಕಿ ನಿನ್ನ ಹಕ್ಕಿ ಓಡ್ಸಿಲ್ಲ, ತನ್ನ ಹೊಲ ಕಾಯ್ದಾಳ ಅಂತ ಅಂದ್ರಂತ. ಸಣ್ಣಾಂವ ಇದ್ದಾಗ ನೀನೂ ನನ್ನ ಜೋಡಿ ಡಬ್ಬಿ ಬಡದೀಯಲ್ಲ, ಮರತೀಯೇನು ಅಂತ."

ಆಂತೋನ್ಯೊ ಟೋಪಿ ತೆಗೆದು ತಲೆ ಕೆರೆದುಕೊಂಡ. ಗುಡಾರ ಹಾಗೇ ಇರಲಿ, ಆದರೆ ಯಾರೂ ಹತ್ತಿರ ಹೋಗುವಂತಿಲ್ಲ, ಹಕ್ಕಿಗಳು ತಾವಾಗಿ ಮರಳಿ ಬಂದರೆ ಕೊನೆಯ ಬೆಳಗು ಒಂದು ಸಲ ಕೂಡಬಹುದು, ಬರದಿದ್ದರೆ ಇಲ್ಲ ಅಂದ. ಸುಜಾತಾ ಕಟ್ಟಿದ ಚೀಲ ಬಿಚ್ಚಲಿಲ್ಲ, ಕಟ್ಟುವುದನ್ನು ನಿಲ್ಲಿಸಿದಳು ಅಷ್ಟೇ.

ಕಾಲುವೆ ದಂಡೆ

ಕಾಯುವ ದಿನಗಳಲ್ಲಿ ಆಂತೋನ್ಯೊ ನಮ್ಮನ್ನು ತಗ್ಗಿನ ಹೊಲಗಳ ಕಡೆ ಕರೆದುಕೊಂಡು ಹೋದ. ಅಲ್ಲಿ ಕಾಲುವೆ! ಸಿಮೆಂಟಿನ ದಂಡೆ, ತೂಬು, ನೀರಿಗೆ ಬಂದ ಕೊಕ್ಕರೆ, ದಂಡೆಯ ಮೇಲೆ ನಿಂತು ನೀರಿನ ಪಾಳಿಗಾಗಿ ಜಗಳವಾಡುತ್ತಿದ್ದ ಇಬ್ಬರು ರೈತರು. ಭಾಷೆ ತಿಳಿಯದಿದ್ದರೂ ಯಾರ ಕಡೆ ನ್ಯಾಯವಿದೆ ಎಂದು ನನಗೆ ಗೊತ್ತಾಯಿತು. ತೂಬಿನ ಹತ್ತಿರದವನ ಕಡೆ ಎಂದೂ ಇರುವುದಿಲ್ಲ. ಕೆಳಗೆ ಭತ್ತಕ್ಕೆ ಗದ್ದೆ ಹದ ಮಾಡುತ್ತಿದ್ದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಇಳಿದುಬಿಡಲೇ ಅನ್ನಿಸಿತು.

ಕಾಲುವೆಯನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಕಾಲುವೆ ಬರುವ ಮುಂಚೆ ಬೇಸಿಗೆಯಲ್ಲಿ ನಾವು ಕೂಸು ಕಟ್ಟಿಕೊಂಡು ಕೆಲಸ ಹುಡುಕಿ ಊರು ಬಿಡುತ್ತಿದ್ದೆವು. ಕಾಲುವೆ ಬಂದು ನಮ್ಮನ್ನು ಊರಲ್ಲಿ ನಿಲ್ಲಿಸಿತು. ನನ್ನ ಮಗ ಶಾಲೆ ಮುಗಿಸಿ ಶಹಾಪುರದಲ್ಲಿ ಗುಮಾಸ್ತನಾದದ್ದು, ಮೊಮ್ಮಗಳ ಕೈಗೆ ಕ್ಯಾಮೆರಾ ಬಂದದ್ದು ಆ ನೀರಿನಿಂದಲೇ. ಆ ನೀರಿಗೇ ಹಕ್ಕಿ ಹೋಯಿತು. ಎರಡೂ ಖರೆ. ಇದನ್ನು ನಾನು ಆಂತೋನ್ಯೊನಿಗೆ ಹೇಳಿಸಿದೆ. ಅವನು, ನಮ್ಮಲ್ಲೂ ತಗ್ಗಿನ ಹೊಲದಲ್ಲಿ ಹಿಂದೆ ಈ ಹಕ್ಕಿ ಇತ್ತು, ಈಗ ಇಲ್ಲ, ಆದರೆ ಮೇಲಿನ ಹೊಲಕ್ಕೆ ನೀರು ಹತ್ತಿಸಬೇಕೆಂದು ಮಾತು ಬಂದಾಗ ಬೇಡವೆಂದೆವು, ಸರಕಾರವೂ ಸ್ವಲ್ಪ ಕೈ ಹಿಡಿಯಿತು ಅಂದ. ಯಾಕೆ ಬೇಡವೆಂದಿರಿ ಎಂದು ಸುಜಾತಾ ಕೇಳಿದಳು. ಅವನು, ಅಪ್ಪನಿಗೆ ಬೆಳಿಗ್ಗೆ ಎದ್ದು ಅವುಗಳನ್ನು ನೋಡುವ ರೂಢಿಯಿತ್ತು ಅಂದ.

ಸಂಜೆ ಫೋನಿನಲ್ಲಿ ಇದನ್ನೆಲ್ಲ ಮುತ್ಯಾನಿಗೆ ಹೇಳಿದೆ. ಕೂಗಿದ್ದನ್ನೂ ಹೇಳಿದೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ.

"ಸ್ಪೇನ್ ಮಂದಿಗೂ ಗೊತ್ತಾತು ಬಿಡು, ನಾ ಇಷ್ಟು ವರ್ಷ ಎಂಥಾ ದನಿ ಕೇಳೀನಿ ಅಂತ."

ಹೊರಡುವ ಹಿಂದಿನ ಸಂಜೆ ಆಂತೋನ್ಯೊ ದಾರಿಯ ಮೇಲಿಂದ ದುರ್ಬೀನಿನಲ್ಲಿ ನೋಡಿ ಬಂದು, ಹೆಬ್ಬೆರಳು ಎತ್ತಿ ತೋರಿಸಿದ. ಮರಳಿ ಬಂದಿದ್ದವು.

ಕೊನೆಯ ಬೆಳಗು

ನೀನೊಬ್ಬಳೇ ಹೋಗು ಎಂದು ಸುಜಾತಾಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ನೀನು ನೋಡದಿದ್ದರೆ ನನ್ನ ಫೋಟೋ ಅರ್ಧ ಅಂದಳು. ಕಾರ್ಮೆನ್ ಮಬ್ಬಿನಲ್ಲೇ ಎದ್ದು ಬಂದು, ಒಂದು ದೊಡ್ಡ ಒಣ ಅಂಜೂರವನ್ನು ನನ್ನ ಬಾಯಿಗೆ ತುರುಕಿ, ತನ್ನ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅಗಿಯಬೇಡ, ಇಟ್ಟುಕೋ. ಮುಷ್ಟಿತುಂಬ ಇನ್ನಷ್ಟು ಕೊಟ್ಟಳು.

ಗೋಧಿಯ ಮೇಲೆ ಬೆಳಕು ಬಿತ್ತು. ಹೆಣ್ಣುಹಕ್ಕಿಗಳು ಮೊದಲು ಬಂದವು, ಬಿಂಕದಿಂದ, ಸಂತೆಗೆ ಬಂದ ಹೆಂಗಸರ ಹಾಗೆ ಅತ್ತಿತ್ತ ನೋಡುತ್ತ. ಆಮೇಲೆ ಒಂದು ಗಂಡು ನಡೆದು ಬಂತು. ಎಂಥ ಗತ್ತು! ಎರಡೂ ಕಡೆ ಬಿಳಿಯ ಮೀಸೆ. ನಡುಹೊಲದಲ್ಲಿ ನಿಂತು ಕುತ್ತಿಗೆ ಉಬ್ಬಿಸಿತು, ಬಾಲವನ್ನು ಬೆನ್ನಿನ ಮೇಲೆ ಮಗುಚಿತು, ರೆಕ್ಕೆಗಳನ್ನು ತಿರುವಿಹಾಕಿತು. ಕಂದು ಬಣ್ಣದ ಹಕ್ಕಿ ನೋಡನೋಡುತ್ತ ಒಳಗಿನದೆಲ್ಲ ಹೊರಗಾಗಿ, ಹಂಚಿನ ಮೇಲಿನ ಜೋಳ ಅರಳಾಗಿ ಒಡೆದ ಹಾಗೆ, ಅಚ್ಚ ಬಿಳಿಯ ರಾಶಿಯಾಗಿ ನಿಂತಿತು. ಕಾಲೂ ಕಾಣದು, ತಲೆಯೂ ಕಾಣದು. ಆ ರಾಶಿ ನಿಧಾನಕ್ಕೆ ತಿರುಗತೊಡಗಿತು. ನಿಜಕ್ಕೂ ಚಕ್ರವೇ.

ನನ್ನ ಬಾಯಲ್ಲಿ ಅಂಜೂರ ಇತ್ತು, ಕಣ್ಣಲ್ಲಿ ನೀರಿತ್ತು. ಪಕ್ಕಕ್ಕೆ ನೋಡಿದೆ. ಸುಜಾತಾ ಫೋಟೋ ತೆಗೆಯುತ್ತಿರಲಿಲ್ಲ, ಬರಿ ನೋಡುತ್ತಿದ್ದಳು. ನಾನು ಮೊಣಕೈಯಿಂದ ಮೆಲ್ಲಗೆ ತಿವಿದೆ. ಆಗ ಅವಳ ಬೆರಳು ಓಡಿತು. ಹಕ್ಕಿ ಅರಳಿತು, ಮುಚ್ಚಿತು, ಮತ್ತೆ ಅರಳಿತು, ಅವಳು ಉಸಿರನ್ನೂ ಬಿಡದೆ ತೆಗೆದಳು. ಹಕ್ಕಿಗಳು ತಾವಾಗಿ ಮೇಯುತ್ತ ದಿಬ್ಬ ದಾಟಿ ಹೋದ ಮೇಲೆ ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಮುಖ ಒದ್ದೆಯಾಗಿತ್ತು, ನಗುತ್ತಿದ್ದಳು.

"ಆಯಿ, ನಮ್ಮದೂ ಹಿಂಗ ಇತ್ತೇನ?"

ಹೌದು ಅಂದುಬಿಟ್ಟರೆ ಹುಡುಗಿಗೆ ಖುಷಿಯಾಗುತ್ತದೆ ಅನ್ನಿಸಿತು. ಅಂಜೂರ ನುಂಗಿದೆ.

"ಇಲ್ಲ ತಂಗಿ. ಇದು ಭಾಳ ಚೆಂದ ಅದ, ಆದ್ರ ನಮ್ಮದಲ್ಲ. ನಮ್ಮದರ ಕುತ್ತಿಗಿ ಉದ್ದ, ಬೆಳ್ಳಗ. ತಲಿ ಮ್ಯಾಲ ಕರೀ ಟೋಪಿ. ಮೀಸಿ ಇರಲಿಲ್ಲ. ಇದು ಸುಮ್ಮ ಕುಣೀತದ, ನಮ್ಮದು ಹೂಂ ಅಂತಿತ್ತು. ಮನಿಯೊಳಗ ಕುಂತರೂ ಎದಿಗೆ ತಾಕತಿತ್ತು."

"ಎಷ್ಟು ಎತ್ತರ ಇತ್ತು?"

ಗುಡಾರ ಗಿಡ್ಡ, ಕುಳಿತು ತೋರಿಸಲು ಬರುವುದಿಲ್ಲ. ಅಂಥದ್ದನ್ನು ಹೊಲದಲ್ಲಿ ನಿಂತು ತೋರಿಸಬೇಕು ಅಂದೆ. ಯಾವ ಹೊಲದಲ್ಲಿ ಅಂದಳು. ಅದು ಇದ್ದ ಹೊಲದಲ್ಲಿ ಅಂದೆ.

ನಮ್ಮೂರ ಗದ್ದೆ

ಊರಿಗೆ ಬಂದ ಮೇಲೆ ಸುಜಾತಾ ಆ ಮಾತು ಬಿಡಲಿಲ್ಲ. ಒಂದು ಮುಂಜಾನೆ ನನ್ನನ್ನು ಕಾಲುವೆಯ ಕೆಳಗಿನ ಗದ್ದೆಗಳ ಕಡೆ ಕರೆದುಕೊಂಡು ಹೋದಳು. ಮುತ್ಯಾನೂ ಕೋಲು ಊರಿಕೊಂಡು ಬಂದರು. ನಾನು ಬಂದ ಹೊಸತರಲ್ಲಿ ಎರಿಭೂತ ನಿಲ್ಲುತ್ತಿದ್ದ ಜಾಗ ಈಗ ನಾಟಿ ಮಾಡಿದ ಗದ್ದೆ. ನೀರು, ನೀರಿನಲ್ಲಿ ಆಕಾಶ. ನಾನು ಸೀರೆ ಎತ್ತಿಕೊಂಡು ಬದುವಿನಿಂದ ಇಳಿದೆ, ಕೆಸರು ತುಳಿದು ಗದ್ದೆಯ ಮಧ್ಯಕ್ಕೆ ಹೋಗಿ ನಿಂತೆ. ಕೈಯನ್ನು ಸೊಂಟಕ್ಕಿಂತ ತುಸು ಮೇಲೆ, ಗಾಳಿಯಲ್ಲಿ, ಅದರ ಕರಿಟೋಪಿ ಇದ್ದಷ್ಟು ಎತ್ತರಕ್ಕೆ ಹಿಡಿದೆ.

"ಇಷ್ಟಿತ್ತು," ಅಂದೆ.

ಸುಜಾತಾ ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ಮುತ್ಯಾ ಬದುವಿನ ಮೇಲಿಂದ, ಸುಳ್ಳು, ಅಷ್ಟಿರಲಿಲ್ಲ ಅಂದರು. ಮೊಣಕಾಲು ನೋವಿನ ಮನುಷ್ಯ ಕೋಲು ಬದಿಗಿಟ್ಟು, ನಾನು ಬೇಡ ಬೇಡ ಎನ್ನುತ್ತಿದ್ದಂತೆ ಗದ್ದೆಗೆ ಇಳಿದು ಬಂದು, ನನ್ನ ಕೈಯ ಕೆಳಗೆ ಒಂದು ಗೇಣು ಬಿಟ್ಟು ತಮ್ಮ ಕೈ ಹಿಡಿದರು.

"ಇಷ್ಟ."

"ಅದು ಹೆಣ್ಣು. ನಾ ಗಂಡಿಂದು ಹೇಳಾಕತ್ತೀನಿ."

"ಗಂಡಿಂದ ನಾನೂ ಹೇಳಾಕತ್ತಿದ್ದು."

ಪುಸ್ತಕ ಈಗ ತಯಾರಾಗಿದೆ. ಶಹಾಪುರದಲ್ಲಿ ಅದರ ಫೋಟೋಗಳನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದ್ದಳು, ಜನ ಗುಂಪುಗುಂಪಾಗಿ ಬಂದರು. ಮೊದಲ ಅಧ್ಯಾಯದಲ್ಲಿ ಎರಡು ಫೋಟೋಗಳಿವೆ. ಒಂದರಲ್ಲಿ ಆಂತೋನ್ಯೊನ ಹೊಲದ ಹಕ್ಕಿ ಅರಳಿ ನಿಂತಿದೆ. ಎಲ್ಲರೂ ಆಹಾ ಎನ್ನುತ್ತಾರೆ. ಪಕ್ಕದ್ದನ್ನು ಹತ್ತಿರಕ್ಕೆ ಬಗ್ಗಿ ನೋಡುತ್ತಾರೆ. ಅದರಲ್ಲಿ ಹಸಿರು ಗದ್ದೆ, ಮೊಣಕಾಲುದ್ದ ನೀರಿನಲ್ಲಿ ಇಬ್ಬರು ಮುದುಕರು, ಒಂದರ ಮೇಲೊಂದು ಎರಡು ಕೈ, ಕೈಗಳ ಕೆಳಗೆ ಏನೂ ಇಲ್ಲ.